ಪಾಚಿಯ ಬೆನ್ನು ಹತ್ತಿದ ಮೀನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಕ್ಕಳ ಹಲ್ಲಿನ ಕ್ಲಿನಿಕ್ಕಿನಲ್ಲಿ ಕುರ್ಚಿಗಳೆಲ್ಲ ಖಾಲಿ. ಮೂಲೆಯಲ್ಲಿರುವ ಉಪ್ಪುನೀರಿನ ಪುಟ್ಟ ಮೀನಿನ ತೊಟ್ಟಿಗೆ ಮೊಣಕೈವರೆಗೂ ಕೈ ಇಳಿಬಿಟ್ಟ ಮಹಿಳೆಯೊಬ್ಬರು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಗಾಜು ಕೆರೆಯುತ್ತಿದ್ದಾರೆ. ಪಾಚಿ ಸಿಪ್ಪೆಯಂತೆ ಸುರುಳಿ ಸುತ್ತಿ ಏಳುತ್ತದೆ. ಎದ್ದದ್ದನ್ನು ತೆಳುವಾದ ಕೊಳವೆ ಬಕೆಟ್ಟಿಗೆ ಎಳೆದುಕೊಳ್ಳುತ್ತದೆ. ತೊಟ್ಟಿಯೊಳಗಿನ ಕಲ್ಲಿನ ಸಂದಿಗೆ ಕಾರ್ಡು ಹೋಗುವುದಿಲ್ಲ. ಅಲ್ಲಿಗೆ ಹಲ್ಲುಜ್ಜುವ ಬ್ರಷ್ಷೇ ಬೇಕು.

“ಪೇಸ್ಟ್ ಮುಟ್ಟದ ಹೊಸ ಬ್ರಷ್ ಡಾಕ್ಟ್ರಮ್ಮನೇ ಕೊಡ್ತಾರೆ. ಇಲ್ಲಿ ಗಲಾಟೆ ಮಾಡ್ದೆ ಉಜ್ಜಿಸ್ಕೊಳ್ಳೋದು ಈ ಕಲ್ಲು ಒಂದೇ!” ಎಂದು ನಗುತ್ತಾರೆ.

ಇಲ್ಲಿಗೆ ಬರುವ ಮಕ್ಕಳಿಗೆ ಇವರು ಮೀನಕ್ಕ. ಮೊದಲು ಅಂಗಡಿಗಳ ಗಾಜಿನ ಬಾಗಿಲು ಒರೆಸುತ್ತಿದ್ದರು. ಮೀನಿನ ಅಂಗಡಿಯೊಂದರ ಬಾಗಿಲು ಒರೆಸಲು ಹೋದಾಗ, ಕೈಚಳಕ ಕಂಡ ಮಾಲೀಕರು ಒಳಗಿನ ತೊಟ್ಟಿಗಳನ್ನು ತೊಳೆಯುವ ಕೆಲಸಕ್ಕೂ ಹಚ್ಚಿದರು. ಈಗ ಮನೆ, ಕಚೇರಿಗಳ ತೊಟ್ಟಿಗಳನ್ನೂ ನೋಡಿಕೊಳ್ಳುತ್ತಾರೆ. ಉಪ್ಪುನೀರಿಗೆ ಬೆರಳುಗಳು ಬಿರುಕು ಬಿಟ್ಟಿವೆ. ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ ತಡೆಯುತ್ತಾರೆ: “ಕೈ ತೊಳ್ಕೊಂಡು ಬಾ ತಾಯಿ, ಸಮುದ್ರನೆಲ್ಲ ಒಳಗೆ ತರ್ಬೇಡ.” ಆ ಬೆರಳುಗಳಿಗೆ ಎಣ್ಣೆ ಬಿಸಿ ಮಾಡಿ ಹಚ್ಚುವವರೂ ಅದೇ ಅತ್ತೆ.

ಇಂದು ಮೀನಕ್ಕನಿಗೆ ಪರೀಕ್ಷೆಯ ದಿನ. ಕಳೆದ ತಿಂಗಳು ಪಾಚಿ ಮಿತಿಮೀರಿ ಬೆಳೆದು, ಒಳಗಿರುವ ಎರಡು ಕಿತ್ತಳೆ ಬಣ್ಣದ ಮೀನುಗಳು ಕಾಣದಂತಾಗಿದ್ದವು. ಇಂದಿನೊಳಗೆ ನೀರು ತಿಳಿಯಾಗದಿದ್ದರೆ ತೊಟ್ಟಿ ತೆಗೆಸಿ ಟಿವಿ ಹಾಕಿಸುವುದಾಗಿ ವೈದ್ಯೆ ಹೇಳಿದ್ದಾರೆ. ಮೀನುಗಳು ಅಂಗಡಿಗೆ ವಾಪಸ್.

“ಅವು ಬೆರಳುದ್ದ ಇರಲಿಲ್ಲ, ಆಗಿಂದ ಸಾಕಿದೀನಿ. ಟಿವಿ ಬಂತು ಅಂತ ಇವನ್ನ ಆಚೆ ಹಾಕೋದಾ?” ಎನ್ನುತ್ತಾರೆ ಮೀನಕ್ಕ.

ಮೀನಕ್ಕ ನೀರು ಬದಲಿಸಿದರು. ದೀಪ ಉರಿಯುವ ಹೊತ್ತು ಕಡಿಮೆ ಮಾಡಿದರು. ಪಾಚಿ ಮೇಯಲು ಬಸವನಹುಳುಗಳನ್ನು ಬಿಟ್ಟರು. ಆದರೂ ಉಜ್ಜಿದಷ್ಟೂ ಪಾಚಿ ಬೆಳೆಯುತ್ತಲೇ ಇತ್ತು. ಕಾರಣ ಗೊತ್ತಾದದ್ದು ಮರೆತ ಕೊಳವೆ ತೆಗೆದುಕೊಂಡು ಹೋಗಲು ಒಂದು ಮಧ್ಯಾಹ್ನ ಬಂದಾಗ. ಕ್ಲಿನಿಕ್ಕಿನ ಕಾವಲುಗಾರ ತಾತ ಮೀನುಗಳಿಗೆ ಆಹಾರ ಉದುರಿಸುತ್ತಿದ್ದರು.

“ಏನ್ ತಾತ ಇದು?”

“ಪಾಪ ಕಣವ್ವ, ನನ್ನ ನೋಡಿದ್ ತಕ್ಷಣ ಬಾಯ್ ಬಾಯ್ ಬಿಡ್ತವೆ.”

ವಿಚಾರಿಸಿದರೆ, ಸ್ವಾಗತ ಮೇಜಿನ ಹುಡುಗಿಯೂ ಹಾಕುತ್ತಿದ್ದಳು, ವೈದ್ಯೆಯೂ ಹಾಕುತ್ತಿದ್ದರು. ಬೆಳಿಗ್ಗೆ ಮೀನಕ್ಕನದೂ ಒಂದು ಚಿಟಿಕೆ. ಎಲ್ಲರೂ ತಾವೊಬ್ಬರೇ ಹಾಕುವುದು ಅಂದುಕೊಂಡಿದ್ದರು. ತಿಂದು ಮಿಕ್ಕದ್ದು ತಳದಲ್ಲಿ ಕೊಳೆತು ಪಾಚಿಗೆ ಗೊಬ್ಬರವಾಗುತ್ತಿತ್ತು.

“ಬಲೇ ನಾಟಕದ ಮೀನುಗಳು! ನಾಲ್ಕು ಜನರ ಹತ್ರ ಉಂಡು, ನಾಲ್ಕು ಜನರಿಗೂ ಹಸಿವು ಅಂತ ಹೇಳ್ತಿದ್ವು. ನಾನೂ ನಂಬಿದ್ದೆ ಅಲ್ವಾ, ಯಾರನ್ನ ಬೈಯಲಿ?”

ಈಗ ಮೀನಕ್ಕ ಒಂದು ದಿನಕ್ಕೆ ಬೇಕಾದಷ್ಟೇ ಆಹಾರವನ್ನು ಮಾತ್ರೆ ಕೊಡುವ ಪುಟ್ಟ ಕವರಿನಲ್ಲಿ ಹಾಕಿ ತೊಟ್ಟಿಯ ಪಕ್ಕ ಸಿಕ್ಕಿಸುತ್ತಾರೆ. ಯಾರು ಬೇಕಾದರೂ ಹಾಕಬಹುದು. ಕವರು ಖಾಲಿಯಾಗಿದ್ದರೆ ಊಟ ಮುಗಿದಿದೆ ಎಂದರ್ಥ. ಮೊದಲ ದಿನ ತಾತ ಮುಖ ಊದಿಸಿಕೊಂಡಿದ್ದರಂತೆ. ಈಗ ಎಲ್ಲರಿಗಿಂತ ಮೊದಲು ಬಂದು ಕವರು ಬಿಚ್ಚುವವರು ಅವರೇ. ಅಂದಿನಿಂದ ಪಾಚಿ ಸೊರಗಿದೆ. ಉಳಿದದ್ದನ್ನು ಇಂದು ಬೆಳಿಗ್ಗೆ ಮೀನಕ್ಕ ಕೆರೆದು ಮುಗಿಸಿದ್ದಾರೆ. ಹಿಂಬದಿಯ ಗಾಜನ್ನು ಮಾತ್ರ ಮುಟ್ಟಿಲ್ಲ. “ಅದು ಹುಳುಗಳ ಹುಲ್ಲುಗಾವಲು. ಅವೂ ಬದುಕ್ಬೇಕಲ್ವಾ?”

ಕ್ಲಿನಿಕ್ ತೆರೆಯುತ್ತದೆ. ವೈದ್ಯೆ ಬಂದು ತೊಟ್ಟಿಯ ಮುಂದೆ ನಿಲ್ಲುತ್ತಾರೆ. ಬಕೆಟ್ ಹಿಡಿದ ಮೀನಕ್ಕ ಒಮ್ಮೆ ನೀರನ್ನು, ಒಮ್ಮೆ ಅವರ ಮುಖವನ್ನು ನೋಡುತ್ತಾರೆ. ಅಷ್ಟರಲ್ಲಿ ದವಡೆ ಊದಿದ ಪುಟ್ಟ ಹುಡುಗಿಯೊಬ್ಬಳು ಅಮ್ಮನ ಕೈ ಬಿಡಿಸಿಕೊಂಡು ಓಡಿ ಬಂದು, ಮೀನನ್ನು ಹತ್ತಿರದಿಂದ ನೋಡಲು ಬಗ್ಗುತ್ತಾಳೆ. ಹಣೆ ಗಾಜಿಗೆ ಡಬ್ಬೆಂದು ಬಡಿಯುತ್ತದೆ.

“ಅಮ್ಮಾ, ಇಲ್ಲಿ ಗಾಜಿದೆ!” ಎಂದು ಹಣೆ ಉಜ್ಜಿಕೊಳ್ಳುತ್ತಾ ಬೆರಗಾಗುತ್ತಾಳೆ.

ವೈದ್ಯೆ ನಗು ತಡೆಯಲಾರದೆ ಸ್ವಾಗತ ಮೇಜಿನತ್ತ ತಿರುಗುತ್ತಾರೆ: “ಆ ಟಿವಿಯವರಿಗೆ ಬರೋದು ಬೇಡ ಅಂತ ಹೇಳ್ಬಿಡಮ್ಮ.”

ಮೀನಕ್ಕ ಬಕೆಟ್ ಕೆಳಗಿಡುತ್ತಾರೆ. ಹುಡುಗಿಯ ಹಣೆ ಸವರಿ, ಗಾಜಿನ ಮೇಲೆ ಮೂಡಿದ ಗುರುತನ್ನು ಬಟ್ಟೆಯಿಂದ ಒರೆಸುತ್ತಾರೆ. “ನೋವಾಯ್ತಾ ಪುಟ್ಟಿ? ತಪ್ಪು ನಂದೇ ಕಣೆ, ಇವತ್ತು ಸ್ವಲ್ಪ ಜಾಸ್ತಿನೇ ಉಜ್ಜಿಬಿಟ್ಟೆ.”