ಯಾರು ಮೊದಲು

ಎಂಥ ಕೆಲಸವನ್ನೂ ಆಟ ಮಾಡಿಬಿಡುವ ಗುಣ ಅವಳಿಗೆ ಚಿಕ್ಕಂದಿನಿಂದಲೇ ಇತ್ತು. ಕಹಿ ಔಷಧಿ ಕುಡಿಸುವುದಿರಲಿ, ತಲೆ ಬಾಚುವುದಿರಲಿ, "ಯಾರು ಮೊದಲು ನೋಡೋಣ" ಎಂದು ಒಂದು ಮಾತು ಎಸೆದರೆ ಸಾಕು, ಮಕ್ಕಳಿಬ್ಬರೂ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದರು. ಮಗಳಿಗೆ ಏಳು ವರ್ಷ. ಮಗನಿಗೆ ನಾಲ್ಕು, ಕೆನ್ನೆ ತುಂಬಿಕೊಂಡಿದ್ದ ಅವನು ಮನೆಮಂದಿಗೆಲ್ಲ ಡುಮ್ಮ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಮಕ್ಕಳನ್ನು ಗದರಿ ಗದರಿ ಅವನು ಗಂಟಲು ಒಣಗಿಸಿಕೊಳ್ಳುವಷ್ಟರಲ್ಲಿ ಇವಳು ನಗುನಗುತ್ತಲೇ ಕೆಲಸ ಮುಗಿಸಿರುತ್ತಿದ್ದಳು.

"ಅದೇನು ಮಂತ್ರ ಹಾಕ್ತೀಯೋ ಏನೋ" ಎನ್ನುತ್ತಿದ್ದ ಅವನು.

ಕಂಪನಿಯವರು ಅವನನ್ನು ಹೊಸ ಊರಿಗೆ ವರ್ಗ ಮಾಡಿದರು. ಎತ್ತರದ ಕಟ್ಟಡಗಳ ಊರು, ಲಿಫ್ಟುಗಳಿಗೆ ಬರವಿರಲಿಲ್ಲ. ಆದರೆ ಅಲ್ಲಿಯ ನೆಲವನ್ನು ನಂಬುವ ಹಾಗಿರಲಿಲ್ಲ. ಬಂದ ವಾರದಲ್ಲೇ ಒಂದು ಬೆಳಿಗ್ಗೆ ಕಪಾಟಿನ ತಟ್ಟೆಗಳು ಕಿಣಿಕಿಣಿ ಎಂದವು, ಕಿಟಕಿ ಗಾಜು ಗದಗದ ನಡುಗಿತು. ದೊಡ್ಡ ಲಾರಿ ಹೋಯಿತೇನೋ ಎಂದು ಅವಳು ಬಾಲ್ಕನಿಗೆ ಬಂದು ಇಣುಕಿದಳು. ಬೀದಿ ಖಾಲಿ. ಪಕ್ಕದ ಮನೆಯ ಅಜ್ಜಿ ಬಟ್ಟೆ ಹಿಂಡುತ್ತಿದ್ದವರು ತಲೆ ಎತ್ತದೆ, "ಲಾರಿ ಅಲ್ಲಮ್ಮ, ನೆಲ. ಇಲ್ಲಿ ಅದು ಆಗಾಗ ಮೈಮುರೀತಾ ಇರುತ್ತೆ" ಎಂದರು.

ಅವಳು ಬಾಲ್ಕನಿಯ ಕಂಬಿ ಹಿಡಿದುಕೊಂಡಳು. ಅಜ್ಜಿ ಬಟ್ಟೆ ಹಿಂಡುವುದನ್ನು ನಿಲ್ಲಿಸಿರಲಿಲ್ಲ.

ಅವಳು ಕೆಲಸಕ್ಕೆ ಸೇರಿದ್ದು ಒಂದು ಲಾಂಡ್ರಿಯಲ್ಲಿ. ಹೋಟೆಲುಗಳಿಂದ ಬಂದ ಹಾಸಿಗೆ ಹೊದಿಕೆಗಳನ್ನು ಎದುರುಬದುರು ನಿಂತು ಇಬ್ಬರು ಮಡಚಬೇಕು. ಎದುರು ನಿಲ್ಲುತ್ತಿದ್ದವಳು ಆ ಊರಿನಲ್ಲೇ ಹುಟ್ಟಿ ಬೆಳೆದ ಹಿರಿಯ ಹೆಂಗಸು. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಬಿಸಿ ಬಟ್ಟೆಯ ಎರಡು ತುದಿ ಹಿಡಿದು ಹತ್ತಿರ ಬಂದಾಗ ಒಂದು ಮಾತು, ದೂರ ಸರಿದಾಗ ಒಂದು ಮಾತು, ಹೀಗೆ ದೊಡ್ಡಕ್ಕ ಅವಳಿಗೆ ಪಾಠ ಹೇಳಿದಳು.

"ನೆಲ ನಡುಗಿದ್ರೆ ಆಚೆ ಓಡಬಾರದು. ಗಟ್ಟಿ ಮೇಜಿನ ಕೆಳಗೆ ಕೂತು ಅದರ ಕಾಲು ಹಿಡ್ಕೋಬೇಕು. ಮೇಜು ಸರಿದ್ರೆ ಅದರ ಜೊತೆ ನೀನೂ ಸರೀಬೇಕು. ಮಕ್ಕಳಿಗೆ ಈಗಲೇ ಅಭ್ಯಾಸ ಮಾಡಿಸು."

"ಹೆದರಿಕೊಳ್ಳಲ್ವಾ ದೊಡ್ಡಕ್ಕ?"

"ನೀನು ಹೆದರಿದ್ರೆ ಅವೂ ಹೆದರ್ತವೆ."

ಆ ಭಾನುವಾರ ಗಂಡ ಬೀರುವನ್ನು ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿದ. ಬೀರುವಿನ ಮೇಲೆ ಹಳೆಯ ಊರಿನಿಂದ ತಂದ, ಇನ್ನೂ ಬಿಚ್ಚದ ಟ್ರಂಕೊಂದು ಕೂತಿತ್ತು. "ಅದನ್ನೂ ಇಳಿಸಬೇಕು, ಮುಂದಿನ ವಾರ ನೋಡೋಣ" ಎಂದ. ಅವಳು ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಊಟದ ಮೇಜಿನ ಪಕ್ಕ ನಿಂತು "ನೆಲ ಕುಣೀತು" ಎಂದು ಕೂಗುವುದು, ಮಕ್ಕಳು ಎಲ್ಲಿದ್ದರೂ ಓಡಿಬಂದು ಮೇಜಿನ ಕಾಲು ಹಿಡಿಯುವುದು. ಮೊದಲು ಹಿಡಿದವರಿಗೆ ಅಪ್ಪನ ಹೆಗಲ ಮೇಲೆ ಸವಾರಿ.

ಆಟ ಹತ್ತಿತು. ಸ್ನಾನದ ಮಧ್ಯೆ, ಓದಿನ ಮಧ್ಯೆ ಅವಳು ಕೂಗುವಳು. ಮಗಳು ಬಾಣದಂತೆ ಬಂದು ಕೂರುವಳು. ಡುಮ್ಮ ಪ್ರತಿಸಲವೂ ಸೋತು ಮುಖ ಊದಿಸಿಕೊಳ್ಳುವನು. ಒಂದು ದಿನ ಮಗಳು ಅರ್ಧ ದಾರಿಯಲ್ಲಿ ನಿಂತು, ಹಿಂತಿರುಗಿ, ತಮ್ಮನ ಕಡೆಗೆ ಕೈ ಚಾಚಿದಳು. ತಾಯಿ ನಗುತ್ತಲೇ ಅಂದುಬಿಟ್ಟಳು:

"ಅವನನ್ನ ನೋಡ್ತಾ ನಿಂತ್ರೆ ನೀನು ಸೋಲ್ತೀಯ ಕಣೆ."

ಮಗಳು ಕೈ ಹಿಂದೆ ತೆಗೆದುಕೊಂಡು ಓಡಿದಳು. ಆಗ ಆ ಮಾತಿನಲ್ಲಿ ತಾಯಿಗೆ ಏನೂ ಕಾಣಲಿಲ್ಲ. ಬಾಯಿಗೆ ಬಂದದ್ದು ಬಂದಿತ್ತು, ಅಷ್ಟೆ.

ನೆಲ ನಿಜವಾಗಿ ಕುಣಿದದ್ದು ಮಳೆಗಾಲ ಮುಗಿದ ಮೇಲೆ, ಒಂದು ರಜೆಯ ಮಧ್ಯಾಹ್ನ. ಗಂಡ ಕೆಲಸಕ್ಕೆ ಹೋಗಿದ್ದ. ಅವಳು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಮಕ್ಕಳು ಒಳಗೆ ಬೀರುವಿನ ಮುಂದೆ ಕೂತು ಬಣ್ಣ ಹಚ್ಚುತ್ತಿದ್ದರು. ಮೊದಲು ನೆಲದೊಳಗಿಂದ ಗುಡುಗಿನಂಥ ಸದ್ದು ಬಂತು. ಆಮೇಲೆ ಬಾಲ್ಕನಿಯೇ ಕಾಲ ಕೆಳಗಿಂದ ಜಾರಿದಂತಾಗಿ ಅವಳು ಕಂಬಿ ಹಿಡಿದು ಕುಸಿದಳು. ಒಳಗೆ ಹೋಗಬೇಕೆಂದರೆ ಕಾಲು ನಿಲ್ಲುತ್ತಿಲ್ಲ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಮಗಳು ಎದ್ದಳು, ಓಡಿದಳು, ಮೇಜಿನ ಕೆಳಗೆ ಸೇರಿ ಕಾಲನ್ನು ತಬ್ಬಿಕೊಂಡಳು. ಡುಮ್ಮ ಬಣ್ಣದ ಕಡ್ಡಿ ಹಿಡಿದುಕೊಂಡು, ಅಕ್ಕ ಹೋದ ಕಡೆಗೆ ನೋಡುತ್ತ ನಿಂತಿದ್ದ. ಬೀರು ಅಲುಗಲಿಲ್ಲ. ಅದರ ಮೇಲಿನ ಟ್ರಂಕು ಮುಂದೆ ಮುಂದೆ ಸರಿದು ಬಂತು.

ಮಗಳಿಗೆ ಅದು ಕಂಡಿರಲಿಲ್ಲ. ಅವಳ ಮುಖ ಬಾಲ್ಕನಿಯ ಕಡೆಗಿತ್ತು. ಕಣ್ಣರಳಿಸಿ, "ಅಮ್ಮಾ, ನಾನೇ ಮೊದಲು" ಎಂದಳು. ಅದರ ಹಿಂದೆಯೇ ತಮ್ಮನ ಕಿರುಚಾಟ ಕೇಳಿಸಿತು.

ಜೀವಕ್ಕೇನೂ ಆಗಲಿಲ್ಲ. ಟ್ರಂಕು ಎಡಗಾಲಿನ ಮೇಲೆ ಬಿದ್ದು, ಹಿಮ್ಮಡಿಯ ಮೇಲ್ಗಡೆ ಮೂಳೆ ಮುರಿದಿತ್ತು. "ಬೆಳೆಯೋ ಮೂಳೆ, ಕೂಡಿಕೊಳ್ಳುತ್ತೆ. ಆದ್ರೆ ಈ ಕಾಲು ಉದ್ದದಲ್ಲಿ ಸ್ವಲ್ಪ ಹಿಂದೆ ಬೀಳಬಹುದು" ಎಂದರು ಡಾಕ್ಟರು. ಹಾಗೇ ಆಯಿತು. ಡುಮ್ಮ ಈಗಲೂ ಒಂದು ಬೂಟಿಗೆ ದಪ್ಪ ಅಟ್ಟೆ ಹಾಕಿಸಿಕೊಂಡು ನಡೆಯುತ್ತಾನೆ.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಮಗಳನ್ನು ಹೊಗಳಿದರು. "ಹೇಳಿಕೊಟ್ಟ ಹಾಗೇ ಮಾಡಿದ್ಲಂತೆ, ಎಷ್ಟು ಜಾಣೆ" ಎಂದು ಪಕ್ಕದ ಮನೆ ಅಜ್ಜಿ ಅವಳ ತಲೆ ಸವರಿದರು. ಹುಡುಗಿ ತಲೆ ತಗ್ಗಿಸಿ ಗೋಡೆಗೆ ಅಂಟಿಕೊಂಡಳು. ತಾಯಿಗೆ ನಿಂತಲ್ಲೇ ನೆಲ ಬಾಯಿ ಬಿಡಬಾರದೇ ಎನಿಸಿತು.

ಗಂಡ ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತುಕೊಂಡ. "ಆ ಹಾಳು ಟ್ರಂಕು ಅವತ್ತೇ ಇಳಿಸಿದ್ರೆ ಆಗ್ತಿತ್ತು" ಎಂದು ಕೂತಲ್ಲಿ ನಿಂತಲ್ಲಿ ಹಲುಬುತ್ತಿದ್ದ. ತಾನು ಆಡಿದ ಮಾತನ್ನು ಅವಳು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವನೊಬ್ಬನೇ ನವೆಯುತ್ತಿರುವುದನ್ನು ಕಣ್ಣಾರೆ ಕಂಡೂ ಬಾಯಿಗೆ ಬೀಗ ಹಾಕಿಕೊಂಡಳು. ಕೊನೆಗೆ ಹೇಳಿದ್ದು ಡುಮ್ಮ ಶಾಲೆಗೆ ಸೇರಿದ ವರ್ಷ. ಗಂಡ, "ಮಗಳಿಗೆ ಹೇಳಿದ್ದೀಯಾ?" ಎಂದು ಕೇಳಿದ.

ಹೇಳಿದಳು. ಪಕ್ಕದಲ್ಲಿ ಕೂರಿಸಿಕೊಂಡು, "ಅವತ್ತು ನೀನು ಏನೂ ತಪ್ಪು ಮಾಡಲಿಲ್ಲ ಪುಟ್ಟಾ. ನಾನು ಹೇಳಿಕೊಟ್ಟದ್ದೇ ತಪ್ಪು" ಎಂದಳು.

"ಗೊತ್ತಮ್ಮ" ಎಂದಳು ಮಗಳು, ಪೆನ್ಸಿಲು ಚೂಪು ಮಾಡುತ್ತ.

ಆದರೆ ಗೊತ್ತಿದ್ದದ್ದು ಹುಡುಗಿಯ ಮೈಗೆ ಇಳಿಯಲಿಲ್ಲ. ಶಾಲೆಯ ಓಟದಲ್ಲಿ ಸೀಟಿ ಊದಿದರೂ ಗೆರೆಯ ಮೇಲೆ ನಿಂತೇ ಇದ್ದಳಂತೆ. ಮೇಡಂ ಕರೆದು ಹೇಳಿದರು. ಮನೆಯಲ್ಲಿ ಇನ್ನೊಂದು ಸಲ ನೆಲ ನಡುಗಿತು, ಎಲ್ಲರೂ ಊಟಕ್ಕೆ ಕೂತಿದ್ದಾಗ. ಅವಳು ತಮ್ಮನನ್ನು ಮೇಜಿನ ಕೆಳಗೆ ತಳ್ಳಿ, ಅಪ್ಪ ಅಮ್ಮ ಇಬ್ಬರೂ ಒಳಗೆ ಸೇರಿದ ಮೇಲೂ ತಾನು ಹೊರಗೇ ಮಂಡಿಯೂರಿ ಕೂತಿದ್ದಳು.

"ಒಳಗೆ ಬಾರೇ" ಎಂದು ತಾಯಿ ಅವಳ ತೋಳು ಹಿಡಿದೆಳೆದಳು.

"ಡುಮ್ಮನಿಗೆ ಜಾಗ ಸಾಲಲ್ಲಮ್ಮ."

ಇನ್ನೂ ಇಬ್ಬರು ಕೂರುವಷ್ಟು ಜಾಗವಿತ್ತು. ನಡುಕ ನಿಂತ ಮೇಲೆ ಎಲ್ಲರೂ ಅನ್ನ ತಣ್ಣಗಾಗುವ ಮುಂಚೆ ಉಂಡು ಎದ್ದರು.

ಈಗ ಮಗಳು ತಾಯಿಯ ಎತ್ತರಕ್ಕೆ ಬೆಳೆದಿದ್ದಾಳೆ. ಡುಮ್ಮನಿಗೆ ಆ ಮಧ್ಯಾಹ್ನದ ನೆನಪೂ ಅಷ್ಟಾಗಿ ಇಲ್ಲ. ಕುಂಟುತ್ತಲೇ ಚೆಂಡು ಒದೆಯುತ್ತಾನೆ, ಅಕ್ಕನ ಪೆನ್ನು ಕದಿಯುತ್ತಾನೆ, ಅವಳ ಪುಸ್ತಕದಲ್ಲಿ ಮೀಸೆ ಬರೆಯುತ್ತಾನೆ. ಅಕ್ಕ ಒಂದು ದಿನವೂ ಅವನ ಬೆನ್ನಿಗೆ ಗುದ್ದಿದವಳಲ್ಲ. ಎಂಥ ಹೊಂದಾಣಿಕೆ ಎಂದು ನೋಡಿದವರು ಮೆಚ್ಚುತ್ತಾರೆ. ಲಾಂಡ್ರಿಯಿಂದ ಬಂದು ಕೈಕಾಲು ತೊಳೆದು, ತಾಯಿ ಸಂಜೆಗೆ ಹಣ್ಣು ಹೆಚ್ಚುತ್ತಾಳೆ. ಬೇಕೆಂದೇ ಒಂದು ಹೋಳನ್ನು ದೊಡ್ಡದಾಗಿ ಹೆಚ್ಚಿ ಮಗಳ ಕೈಗೆ ಹತ್ತಿರವಿಡುತ್ತಾಳೆ. ತನಗೆ ಬೇಕು ಎಂದು ಮಗಳು ಒಂದು ಸಲ ಎಳೆದುಕೊಳ್ಳಲಿ, ತಮ್ಮ ಕಿತ್ತಾಡಲಿ, ಇಬ್ಬರ ಜಗಳ ಬಿಡಿಸಿ ತನಗೆ ಸಾಕುಸಾಕಾಗಲಿ ಎಂದು ಕಾಯುತ್ತಾಳೆ.

ಮಗಳು ತಟ್ಟೆಯನ್ನು ತಿರುಗಿಸಿ ದೊಡ್ಡ ಹೋಳನ್ನು ತಮ್ಮನ ಕಡೆಗೆ ಮಾಡುತ್ತಾಳೆ. ಅವನು ತೆಗೆದುಕೊಂಡ ಮೇಲೆ ತಾನು ತೆಗೆದುಕೊಳ್ಳುತ್ತಾಳೆ.