ಎಕ್ಸ್‌ರೇ ಕೋಣೆಯಲ್ಲಿ ಕುಮುದಾ ಹೇಳಿದ್ದು

ರಿಪ್ಪನ್‌ಪೇಟೆಯಲ್ಲಿ ಕುಮುದಾಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವಳು ಹೆಡ್ ಕಾನ್‌ಸ್ಟೇಬಲ್ ದುರ್ಗೇಶನ ಹೆಂಡತಿ.

ಕುಡಿದು ಬಂದ ದಿನ ಅವನು ಮೊದಲು ಬೂಟು ಬಿಚ್ಚಿ ಗೋಡೆಗೆ ಒತ್ತಿ ಸಾಲಾಗಿ ಇಡುತ್ತಿದ್ದ. ಆಮೇಲೆ ಮೆಲ್ಲಗೆ, "ಇವತ್ತು ಯಾರ ಹತ್ರ ಮಾತಾಡ್ದೆ?" ಎಂದು ಕೇಳುತ್ತಿದ್ದ. ಏನು ಉತ್ತರ ಕೊಟ್ಟರೂ ಏಟು ತಪ್ಪುತ್ತಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನವರು ಟಿವಿಯ ಸದ್ದು ಏರಿಸಿಬಿಡುತ್ತಿದ್ದರು.

ಒಮ್ಮೆ ಅವಳು ಹೇಳದೆ ಹುಂಚದ ತವರಿಗೆ ಬಸ್ ಹತ್ತಿದಳು. ಹುಂಚ ಬರುವ ಮೊದಲೇ ದುರ್ಗೇಶನ ಫೋನು ಬಂತು. "ಕಿಟಕಿ ಸೀಟು ಸಿಕ್ತಾ?" ಎಂದ, ಅಷ್ಟೇ. ಅವಳು ಸಂಜೆಯ ಬಸ್ಸಿಗೇ ಹಿಂದಿರುಗಿದಳು.

ಕಳೆದ ವರ್ಷ ಅವಳ ಮಣಿಕಟ್ಟು ಮುರಿದಾಗ ಆಸ್ಪತ್ರೆಗೆ ಕರೆತಂದವನೂ ಅವನೇ. ಡಾಕ್ಟರು ಕೇಳುವ ಮೊದಲೇ, "ಬಚ್ಚಲಲ್ಲಿ ಜಾರಿದ್ಲು ಸಾರ್" ಎಂದ. ಬೆಳಗಿನ ಹೊತ್ತಿಗೇ ಬಾಯಿ ನಾರುತ್ತಿತ್ತು. ಯೂನಿಫಾರ್ಮ್ ಕಂಡ ಡಾಕ್ಟರು ಮತ್ತೇನೂ ಕೇಳಲಿಲ್ಲ. ನರ್ಸ್ ಪುಷ್ಪಮ್ಮ ಮಾತ್ರ ಕುಮುದಾಳ ಕತ್ತಿನ ಮೇಲೆ ಹಳದಿಗಟ್ಟಿದ್ದ ಕಲೆಗಳನ್ನು ನೋಡಿದಳು.

"ಎಕ್ಸ್‌ರೇ ರೂಮಿಗೆ ಬೇರೆಯವ್ರು ಬರಂಗಿಲ್ಲ ಸಾರ್," ಎಂದು ಅವನನ್ನು ಹೊರಗೇ ಕೂರಿಸಿ ಬಾಗಿಲು ಹಾಕಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಈಗ ಹೇಳಮ್ಮ. ಜಾರಿದ್ದಾ?"

"ಹೇಳಿದ್ರೆ ಅದು ಅವ್ರ ಸ್ಟೇಷನ್ನಿಗೇ ಹೋಗ್ತದೆ," ಎಂದಳು ಕುಮುದಾ.

"ಸ್ಟೇಷನ್ ಒಂದೇ ಅಲ್ಲ. ಹೆಂಗಸ್ರಿಗೆ ಅಂತಲೇ ಸಂರಕ್ಷಣಾಧಿಕಾರಿ ಇದಾರೆ. ಅವ್ರ ಮೂಲಕ ನೇರ ಕೋರ್ಟಿಗೇ ಹೋಗ್ಬಹುದು."

ಹೊರಗಿನಿಂದ ದುರ್ಗೇಶ ಬಾಗಿಲು ತಟ್ಟಿದ. "ಇನ್ನೂ ಎಷ್ಟೊತ್ತು?"

ಪುಷ್ಪಮ್ಮ ಅಲುಗಲಿಲ್ಲ. ಕುಮುದಾ ಬಾಗಿಲನ್ನೇ ನೋಡುತ್ತ, "ಅವ್ರೇ ತಿರುಚಿದ್ದು," ಎಂದಳು. ಹೇಳಿದ ಮೇಲೆ ಮನಸ್ಸು ಹಗುರಾಗಲಿಲ್ಲ. ಪುಷ್ಪಮ್ಮ ಅಲ್ಲಿಂದಲೇ ಸಂರಕ್ಷಣಾಧಿಕಾರಿಗೆ ಫೋನು ಮಾಡಿದಳು.

ಅವಳನ್ನು ಅಂದು ವಾರ್ಡಿನಲ್ಲೇ ಉಳಿಸಿಕೊಂಡರು. ಮರುದಿನ ಸಂರಕ್ಷಣಾಧಿಕಾರಿಯೇ ಬಂದು ಅವಳನ್ನು ತೀರ್ಥಹಳ್ಳಿಯಲ್ಲಿದ್ದ ತಂಗಿ ಬಿಂದುಶ್ರೀಯ ಮನೆಗೆ ತಲುಪಿಸಿದರು. ಕುಮುದಾಳ ಹತ್ತಿರ ಸುಳಿಯಬಾರದೆಂದು ಕೋರ್ಟು ದುರ್ಗೇಶನಿಗೆ ಆದೇಶಿಸಿತು. ಇಲಾಖೆ ಅವನನ್ನು ಸಸ್ಪೆಂಡ್ ಮಾಡಿತು. ಅವಳ ಮಣಿಕಟ್ಟಿನ ಮೂಳೆ ತುಸು ಸೊಟ್ಟಗೆ ಕೂಡಿಕೊಂಡಿತು. ಕುಮುದಾ ತೀರ್ಥಹಳ್ಳಿ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು.

ಕೆಲವು ತಿಂಗಳಲ್ಲಿ ಅವನು ಮತ್ತೆ ಡ್ಯೂಟಿಗೆ ಮರಳಿದ. ಮೊನ್ನೆ ಮಧ್ಯಾಹ್ನ ಅಂಗಡಿಯೆದುರಿನ ಬೇಕರಿಯಲ್ಲಿ ನಿಂತಿದ್ದ. ಕುಡಿದಿರಲಿಲ್ಲ. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟಿದ್ದ. ರಸ್ತೆ ದಾಟದೆ ಅಲ್ಲಿಂದಲೇ ನಕ್ಕು ಕೈಯೆತ್ತಿದ. ಕುಡಿದವನ ರೀತಿ ಅವಳಿಗೆ ಗೊತ್ತಿತ್ತು. ಈ ಶಾಂತ ಮನುಷ್ಯ ಏನು ಮಾಡಿಯಾನೆಂದು ಗೊತ್ತಿರಲಿಲ್ಲ. ಅವಳು ಬಾಗಿಲಿಗೆ ಬಂದು, ಅವನನ್ನೇ ನೋಡುತ್ತ ಸಂರಕ್ಷಣಾಧಿಕಾರಿಗೆ ಫೋನು ಮಾಡಿದಳು. "ಮೇಡಂ, ಬಂದಿದಾರೆ. ಎದುರಿಗೇ ನಿಂತಿದಾರೆ."

ಅವನು ಕೈಯಲ್ಲಿದ್ದ ಜ್ಯೂಸನ್ನು ಅವಸರವಿಲ್ಲದೆ ಮುಗಿಸಿ ಹೊರಟುಹೋದ. ಅಂದಿನಿಂದ ಅಂಗಡಿಯ ಒಡತಿ ವೇದಾವತಿ ಸಂಜೆ ಕುಮುದಾಳ ಜೊತೆ ಮನೆಯವರೆಗೂ ನಡೆದು ಬರುತ್ತಾಳೆ.