ಹಾಡಿಗೆ ಬೇರೆ ಪೆಟ್ಟಿಗೆ

ಹಳೆಯದು ತನ್ನಿ, ಹೊಸದು ಒಯ್ಯಿರಿ ಎಂದು ಹಬ್ಬಕ್ಕೆ ಅಂಗಡಿ ಮುಂದೆ ಬೋರ್ಡು ಹಾಕಿದ್ದೆ. ಹೊಸೂರಿನ ಪಕ್ಕದ ನಮ್ಮ ಮತ್ತಿಗಿರಿಯಲ್ಲಿ ಇಂಥ ಬೋರ್ಡಿಗೆ ಏನೇನೋ ಬರುತ್ತವೆ: ಸುಟ್ಟುಹೋದ ಮಿಕ್ಸಿ, ಹಿಡಿ ಮುರಿದ ಕುಕ್ಕರು, ಚಿತ್ರ ಬಾರದ ಟಿವಿ. ಹೋದ ವಾರ ಒಬ್ಬಾತ ಸ್ಕೂಟರಿನಲ್ಲಿ ಕಾಲ ಸಂದಿಗೆ ಇಟ್ಟುಕೊಂಡು ತಂದದ್ದು ಒಂದು ಸಿಡಿ ಪ್ಲೇಯರು. ಬೆಳ್ಳಿ ಬಣ್ಣದ್ದು, ಜತೆಗೆ ಎರಡು ಪುಟ್ಟ ಸ್ಪೀಕರು. ಒರೆಸಿ ನೋಡೋಣವೆಂದು ಬಟ್ಟೆ ಹಿಡಿದು ತಿರುಗಿಸಿದೆ. ಧೂಳೇ ಇರಲಿಲ್ಲ. ಪಕ್ಕದ ಗಾಳಿಕಿಂಡಿಗಳ ಸಂದಿಯಲ್ಲಿ ಮಾತ್ರ ಅರಿಶಿನ ಕೂತಿತ್ತು, ಒಣಗಿ ಕಂದು ತಿರುಗಿದ ಹಳೆಯ ಅರಿಶಿನ.

ಆಮೇಲೆ ತಂದವನ ಮುಖ ನೋಡಿದೆ. ಹೊಟ್ಟೆ ಬಂದಿತ್ತು, ಮುಂದಲೆ ಕೂದಲು ಹೋಗಿತ್ತು, ಆದರೂ ಗುರುತು ಸಿಕ್ಕಿತು. ನಮ್ಮ ಮನೆಯ ಹಿಂದೆಯೇ ಇದ್ದ ಅಕ್ಕನ ಅಳಿಯ. ಅವನಿಗೆ ನನ್ನ ಗುರುತಾಗಲಿಲ್ಲ. ಕೂರಿಸಿ ಕಾಫಿ ತರಿಸಿದೆ. ಅವನು ಗೋಡೆಯ ಮೇಲಿನ ಟಿವಿಗಳನ್ನು ನೋಡುತ್ತಾ ಕಾಫಿ ಹೀರುತ್ತಿದ್ದ. ನಾನು ಆ ಅರಿಶಿನ ನೋಡುತ್ತಿದ್ದೆ...

ಅಕ್ಕ ನನಗೆ ಒಡಹುಟ್ಟಿದವಳಲ್ಲ. ಬೇರಿಕೆ ಕಡೆಯ ಹಳ್ಳಿಯವಳು, ಗಂಡ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಅವಳ ಮನೆಗೂ ನಮ್ಮ ಮನೆಗೂ ಬಟ್ಟೆ ಒಗೆಯುವ ಕಲ್ಲು ಒಂದೇ. ನನಗಾಗ ಅಂಗಡಿ ಇರಲಿಲ್ಲ, ಮನೆಮನೆಗೆ ಸೀರೆ ಹೊತ್ತು ಮಾರುತ್ತಿದ್ದೆ. ಚೌಕಾಸಿಯಲ್ಲಿ ನನ್ನ ಬಾಯಿಗೆ ಎದುರಿಲ್ಲ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು. ಹಾಗಾಗಿ ಯಾರ ಮನೆಯಲ್ಲಿ ಮದುವೆಯಾದರೂ ಸಾಮಾನು ತರಲು ನನ್ನನ್ನು ಕರೆಯುತ್ತಿದ್ದರು. ಊಟ ಅವರದು, ಬಾಯಿ ನನ್ನದು.

ಅಕ್ಕನಿಗೆ ಹಾಡಿನ ಹುಚ್ಚು. ಆದರೆ ಯಾವ ಹಾಡೂ ಅವಳಿಗೆ ಪೂರ್ತಿ ಬರುತ್ತಿರಲಿಲ್ಲ. ಪಲ್ಲವಿ ಹೇಳಿ, ಚರಣ ಬರುವ ಹೊತ್ತಿಗೆ ಬರೀ ಹೂಂ ಹೂಂ ಎಂದು ಎಳೆದು ಮತ್ತೆ ಪಲ್ಲವಿಗೇ ಬಂದುಬಿಡುತ್ತಿದ್ದಳು. ಬೀದಿಯಲ್ಲಿ ಹಾದುಹೋಗುವ ಬಸ್ಸಿನಿಂದ ಕೇಳಿಸಿದಷ್ಟೇ ಅವಳ ಸಂಗೀತ. ಹಾಗೇಕೆ ಎಂದು ಒಮ್ಮೆ ಬಟ್ಟೆ ಹಿಂಡುತ್ತಾ ಕೇಳಿದ್ದೆ.

“ನನ್ ಮದ್ವೇಲಿ ನಮ್ ಮಾವ ಟೇಪ್ ರೆಕಾರ್ಡರ್ ಸೀರು ಇಟ್ಟಿದ್ರು ಕಣೆ,” ಅಂದಳು. “ನಮ್ ಗಂಡನ ಅಪ್ಪ ಅದ್ನ ತಗಂಡೋಗಿ ಬೀರು ಮ್ಯಾಲೆ ಕೂರಿಸ್ಬುಟ್ರು. ವಾರ್ತೆ ಕೇಳಕ್ಕೆ ಇಳ್ಸೋರು, ಮತ್ತೆ ಏರ್ಸೋರು. ಅದು ಕೆಟ್ಟೋಗೋಗಂಟ ನಾನು ಧೂಳು ಒರೆಸ್ದೆ, ಅಷ್ಟೇಯ.”

ಸೀರು ಎಂದರೆ ಮದುವೆಯಲ್ಲಿ ಹೆಣ್ಣಿನ ತಾಯಿಮಾವ ತಟ್ಟೆಗಳಲ್ಲಿ ಹೊರಿಸಿಕೊಂಡು ಬರುವ ಉಡುಗೊರೆ. ಛತ್ರದಲ್ಲಿ ಎಲ್ಲವನ್ನೂ ಸಾಲಾಗಿ ಜೋಡಿಸಿ, ಯಾರು ಏನು ತಂದರೆಂದು ಮೈಕಿನಲ್ಲಿ ಕೂಗುವುದು ನಮ್ಮ ಕಡೆಯ ರೂಢಿ. ಅಕ್ಕನ ಮಗಳ ಮದುವೆ ಕೃಷ್ಣಗಿರಿಯ ಕಡೆ ಗೊತ್ತಾದಾಗ, ಸೀರು ತರಬೇಕಾದವನು ಅಕ್ಕನ ತಮ್ಮ. ಗುಲಾಬಿ ಬೆಳೆದು ಕೈತುಂಬ ಕಾಸು ನೋಡಿದ್ದ ಕಾಲ ಅದು. ಅಕ್ಕ, ತಮ್ಮ, ನಾನು, ಮೂವರೂ ಹೊಸೂರಿನ ಬಜಾರಿಗೆ ಹೋದೆವು.

ಅಂಗಡಿಯವನು ತೋರಿಸಿದ್ದು ದೊಡ್ಡ ಸೆಟ್ಟು. ಸಿನಿಮಾ ಡಿಸ್ಕು, ಹಾಡಿನ ಡಿಸ್ಕು, ಏನು ಹಾಕಿದರೂ ಓಡುತ್ತದೆ, ಸುತ್ತ ಐದು ಸ್ಪೀಕರು. “ಒಣ್ಣುಲೇಯೇ ಎಲ್ಲಾಮೇ ಇರುಕ್ಕುಮ್ಮಾ,” ಒಂದರಲ್ಲೇ ಎಲ್ಲಾ ಇದೆ ಎಂದು ತಮಿಳಿನಲ್ಲಿ ರಾಗ ಎಳೆದ. ತಮ್ಮನಿಗೆ ಅದರ ಮೇಲೇ ಕಣ್ಣು. ಅಕ್ಕ ಅದನ್ನು ಮುಟ್ಟಲೂ ಇಲ್ಲ. ಮೂಲೆಯಲ್ಲಿದ್ದ ಒಂದು ಸಾದಾ ಡಿವಿಡಿ ಪ್ಲೇಯರು, ಅದರಾಚೆ ತನ್ನದೇ ಸ್ಪೀಕರಿದ್ದ ಈ ಬೆಳ್ಳಿ ಬಣ್ಣದ ಸಿಡಿ ಪ್ಲೇಯರು, ಎರಡನ್ನೂ ಬೆರಳು ಮಾಡಿ ತೋರಿಸಿದಳು.

“ಒಂದ್ರಾಗೆ ಎಲ್ಲಾ ಬರುವಾಗ ಎರಡ್ಯಾಕಕ್ಕ? ತಲೆಗಿಲೆ ಕೆಟ್ಟೈತಾ?” ಎಂದ ತಮ್ಮ.

“ಆ ದೊಡ್ದು ಟಿವಿ ಇಲ್ದೆ ಹಾಡ್ತದೇನ್ಲಾ?” ಎಂದು ಅಕ್ಕ ಕೇಳಿದಳು.

ಅಂಗಡಿಯವನನ್ನು ಕೇಳಿದೆವು. ಹಾಡು ಆರಿಸಲು ಟಿವಿ ಹಚ್ಚಬೇಕು, ಪಟ್ಟಿ ಅದರ ಪರದೆಯ ಮೇಲೇ ಬರುವುದು ಎಂದ. ಅಷ್ಟೇ ಸಾಕಾಯಿತು ಅಕ್ಕನಿಗೆ. ಟಿವಿ ಇರುವುದು ನಡುಮನೆಯಲ್ಲಿ. ನಡುಮನೆ ಮಾವಂದಿರದು, ಮೈದುನಂದಿರದು. “ನನ್ ಮಗಳು ಒಂದು ಹಾಡು ಕೇಳಕ್ಕೆ ಮನೆಮಂದೀನೆಲ್ಲ ಎಬ್ಬಿಸ್ಬೇಕಾ? ಆ ದೊಡ್ದು ಹೋಗಿ ಅವರ್ ಟಿವಿ ಕೆಳಗೆ ಕೂತ್ಕತದೆ ಕಣ್ಲಾ. ಇವ್ಳು ಧೂಳು ಒರೆಸ್ತಾ ನಿಂತ್ಕತಾಳೆ.”

ತಮ್ಮ ಒಪ್ಪಲಿಲ್ಲ. ಚಿಕ್ಕ ಡಬ್ಬ ಹಿಡಿದುಕೊಂಡು ಹೋದರೆ ಗಂಡಿನ ಕಡೆಯವರು ನಗುವುದಿಲ್ಲವೇ ಎಂಬುದು ಅವನ ಚಿಂತೆ. ಅಕ್ಕನ ಮುಖ ಕೆಂಪಾಯಿತು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅದಿಲ್ಲದೆ ಎದ್ದು ಬರುವವಳಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಇಂಥ ಹೊತ್ತಿನಲ್ಲಿ ನ್ಯಾಯ ಹೇಳಿದರೆ ಯಾರೂ ಕೇಳುವುದಿಲ್ಲ. ಎದುರಿನವನಿಗೆ ಏನು ಬೇಕೋ ಅದನ್ನು ತೋರಿಸಬೇಕು. ನಾನು ತಮ್ಮನನ್ನು ಪಕ್ಕಕ್ಕೆ ಕರೆದೆ. “ನೋಡಣ್ಣ, ಒಂದು ಡಬ್ಬ ಅಂದ್ರೆ ಮೈಕಲ್ಲಿ ನಿನ್ ಹೆಸ್ರು ಒಂದು ಸತಿ. ಎರಡು ಡಬ್ಬ ಅಂದ್ರೆ ಎರಡು ಸತಿ. ಸಾಲು ಉದ್ದ ಕಾಣಿಸ್ತದೆ. ಆಮೇಲೆ ನಿನ್ನಿಷ್ಟ.”

ಅವನು ತಲೆ ಕೆರೆದುಕೊಂಡ. ಹೊರಗೆ ಕೂತ ಅಕ್ಕನನ್ನೊಮ್ಮೆ ನೋಡಿದ. “ಎರಡನ್ನೂ ಕಟ್ಟಪ್ಪ,” ಎಂದ ಅಂಗಡಿಯವನಿಗೆ. ಅದಾದಮೇಲೂ ನಾನು ಚೌಕಾಸಿ ಬಿಡಲಿಲ್ಲ. ಎರಡು ತಗೊಂಡಿದ್ದೇವೆ, ಡಿಸ್ಕು ಇಡುವ ಪೌಚನ್ನಾದರೂ ಮೇಲೆ ಹಾಕಿ ಕೊಡು ಎಂದು ಈಸಿಕೊಂಡೇ ಮೆಟ್ಟಿಲಿಳಿದೆ.

ನನ್ನ ಜಾಣತನ ಅಲ್ಲಿಗೆ ಮುಗಿಯಿತು. ಛತ್ರದಲ್ಲಿ ನಡೆದದ್ದು ಅಕ್ಕನದೇ. ಸೀರು ಜೋಡಿಸಿಯಾಗಿತ್ತು, ಪ್ರತಿಯೊಂದಕ್ಕೂ ಅರಿಶಿನ ಕುಂಕುಮ ಹಚ್ಚುವ ಶಾಸ್ತ್ರ. ಉಳಿದವಕ್ಕೆಲ್ಲ ಹೆಂಗಸರು ಡಬ್ಬದ ಮೇಲೆಯೇ ಬೊಟ್ಟಿಟ್ಟರು. ಅಕ್ಕ ಈ ಚಿಕ್ಕ ಡಬ್ಬ ಬಿಚ್ಚಿಸಿ, ಪ್ಲೇಯರನ್ನೇ ಹೊರಗೆ ತೆಗೆದು, ಅದರ ಪಕ್ಕೆಗೆ ಅಂಗೈಯಿಂದ ಒದ್ದೆ ಅರಿಶಿನ ಬಳಿದಳು. ಹೊಸ ಮೆಷೀನಿಗೆ ಯಾರಾದರೂ ಹಾಗೆ ಬಳಿಯುತ್ತಾರೆಯೇ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಅವಳು ಮೈಕಿನವನ ಹತ್ತಿರ ನಿಂತಿದ್ದಳು. ಕಿವಿಯಲ್ಲಿ ಏನೋ ಹೇಳಿದಳು. ಅವನು ತಾಯಿಮಾವನ ಹೆಸರು ಕೂಗಿ, ಡಿವಿಡಿ ಪ್ಲೇಯರು ಗಂಡಿನ ಮನೆಗೆ ಎಂದ. ಮತ್ತೆ ಹೆಸರು ಕೂಗಿ, ಸಿಡಿ ಪ್ಲೇಯರು ಹೆಣ್ಣಿನ ಕೋಣೆಗೆ ಎಂದ. ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ, ಗಂಡಿನ ಕಡೆಯವರು ಮನೆಯಲ್ಲಿ ತೆಲುಗು ಆಡುವವರೆಂದು ತೆಲುಗಿನಲ್ಲೂ.

ಊಟದ ಪಂಕ್ತಿವರೆಗೂ ಗುಸುಗುಸು. ಗಂಡಿನ ತಾಯಿ ನಗುನಗುತ್ತಲೇ ಬಂದು, “ಏನ್ ಬೀಗಿತ್ತೀ, ಕೋಣೆ ಲೆಕ್ಕಾನೂ ಮೈಕಲ್ಲೇ ಕೂಗಿಸ್ಬೇಕಾ?” ಎಂದು ಚುಚ್ಚಿದರು.

“ಕೂಗ್ಸುದ್ರೇ ಅಲ್ವೇ ಬೀಗಿತ್ತೀ ಎಲ್ಲಾರ್ಗೂ ನೆಪ್ಪಿರೋದು,” ಎಂದಳು ಅಕ್ಕ, ಅವರ ಎಲೆಗೆ ತಾನೇ ಪಾಯಸ ಬಡಿಸುತ್ತಾ.

ಮೂರು ಭಾಷೆಯಲ್ಲಿ ಊರೆಲ್ಲ ಕೇಳಿದ್ದನ್ನು ಯಾವ ಮಾವನೂ ಬೀರುವಿನ ಮೇಲೆ ಏರಿಸಲಾರ. ಹಾಡಿನ ಪೆಟ್ಟಿಗೆ ಮಗಳ ಕೋಣೆಯ ಕಿಟಕಿಯಲ್ಲೇ ನಿಂತಿತು. ಮಧ್ಯಾಹ್ನ ಗಂಡ ಶಿಫ್ಟಿಗೆ ಹೋದ ಮೇಲೆ ಮಗಳು ಫೋನು ಮಾಡಿ, ಫೋನನ್ನು ಸ್ಪೀಕರಿಗೆ ಹಿಡಿಯುತ್ತಿದ್ದಳು. ಅಕ್ಕ ಒಗೆಯುವ ಕಲ್ಲಿನ ಮೇಲೆ ಕೂತು, ಸೋಪಿನ ಕೈಯಲ್ಲೇ ಫೋನನ್ನು ಕಿವಿಗೊತ್ತಿಕೊಂಡು ಕೇಳುತ್ತಿದ್ದಳು. ಆ ವಯಸ್ಸಿನಲ್ಲಿ ಅವಳು ಚರಣಗಳನ್ನು ಕಲಿತಳು... ಬಟ್ಟೆ ಹಿಂಡುತ್ತಾ ಪೂರ್ತಿ ಹಾಡು ಹೇಳಿ, ಹೇಗೆ ಎಂಬಂತೆ ನನ್ನತ್ತ ಹುಬ್ಬು ಹಾರಿಸುತ್ತಿದ್ದಳು.

ಇದನ್ನೆಲ್ಲ ಕಂಡವಳು ನಾನು. ಅದಕ್ಕೇ ಗಿರಾಕಿಗಳಿಗೆ ಇವತ್ತಿಗೂ ಒಂದು ಮಾತು ಹೇಳುತ್ತೇನೆ: ಸಾಮಾನು ಎಷ್ಟು ಕೆಲಸ ಮಾಡುತ್ತದೆ ಎಂದು ಆಮೇಲೆ ಕೇಳಿ, ಅದು ಯಾರ ಕೈಯಲ್ಲಿರುತ್ತದೆ ಎಂದು ಮೊದಲು ಕೇಳಿ. ಒಂದರಲ್ಲೇ ಎಲ್ಲಾ ಬಂದರೆ ಜಾಗ ಉಳಿಯುತ್ತದೆ, ವೈರು ಕಡಿಮೆ, ಸುಳ್ಳಲ್ಲ. ಆದರೆ ಆ ಒಂದು ಯಾವಾಗಲೂ ಮನೆಯಲ್ಲಿ ಗಟ್ಟಿ ದನಿ ಇರುವವರ ಪಾಲು. ಈಗ ಎಲ್ಲಾ ಫೋನಿನಲ್ಲೇ ಇದೆಯಲ್ಲ ಎಂದು ನನ್ನ ಬಾಯಿ ಮುಚ್ಚಿಸಲು ಬರುತ್ತಾರೆ. ಇದೆ. ಹಾಡಿನ ನಡುವೆ ಅದೇ ಫೋನಿಗೆ ಅತ್ತೆಯೂ ಬರುತ್ತಾಳೆ, ಗಂಡನೂ ಬರುತ್ತಾನೆ, ಸಾಲ ಬೇಕಾ ಎಂದು ಕೇಳುವವರೂ ಬರುತ್ತಾರೆ. ನಾನು ಒಪ್ಪುವುದಿಲ್ಲ.

ಅಳಿಯನ ಕಾಫಿ ಮುಗಿದಿತ್ತು. “ಇದು ಓಡಲ್ಲಮ್ಮ, ಸುಮ್ನೆ ಜಾಗ ಹಿಡ್ಕಂಡೈತೆ. ಇದ್ನ ತಗಂಡು ಆ ಉದ್ದ ಸ್ಪೀಕರ್ ಕೊಡಿ, ಟಿವಿಗೆ ಹಾಕ್ಬೇಕು,” ಎಂದ.

“ಮನೇಲಿ ಕೇಳಿದೀರಾ?”

“ಇದಕ್ಕೇನ್ ಕೇಳೋದು?”

ಅಕ್ಕನ ಮಗಳ ನಂಬರು ನನ್ನಲ್ಲಿ ಇದ್ದೇ ಇತ್ತು, ಅವನೆದುರೇ ಅವಳಿಗೆ ಫೋನು ಹಚ್ಚಿದೆ. ವಿಷಯ ಹೇಳಿ ಮುಗಿಸುವ ಮೊದಲೇ ಅವಳ ದನಿ ಏರಿತು. “ಓಡಲ್ವಂತಾ? ಅವ್ರು ಶಿಫ್ಟಿಗೆ ಹೋದ್ಮೇಲೆ ದಿನಾ ಓಡ್ತೈತೆ, ಚಿಕ್ಕಮ್ಮ. ಅವ್ರಿಗೇನ್ ಗೊತ್ತು? ನಾನು ಸಂತೆಯಿಂದ ಬರೋ ಹೊತ್ತಿಗೆ ಅದು ಕಿಟಕೀಲಿರಬೇಕು ಅಂತ ಹೇಳಿ.” ಅಳಿಯನಿಗೆ ಪೂರ್ತಿ ಕೇಳಿಸಿತು. ನಾನು ಹೇಳುವ ಕೆಲಸ ಉಳಿಯಲಿಲ್ಲ.

ಬಂದ ಗಿರಾಕಿಯನ್ನು ವಾಪಸು ಕಳಿಸಿದವಳಲ್ಲ ನಾನು. ಅವತ್ತು ಪ್ಲೇಯರನ್ನು ಬಟ್ಟೆಯಲ್ಲಿ ಸುತ್ತಿ, ಅರಿಶಿನ ಉದುರದ ಹಾಗೆ ಕಟ್ಟಿ, ಸ್ಕೂಟರಿನವರೆಗೂ ನಾನೇ ಹೊತ್ತೆ. ಅವನು ಪೆಚ್ಚು ನಗೆ ನಕ್ಕ. ಕೆಟ್ಟವನೇನಲ್ಲ, ಆ ಕೋಣೆಯಲ್ಲಿ ಮಧ್ಯಾಹ್ನ ಏನಾಗುತ್ತದೆಂದು ನೋಡಿದವನಲ್ಲ, ಅಷ್ಟೇ.

ಮಾರನೆಯ ಮಧ್ಯಾಹ್ನ ಅಂಗಡಿ ತುಂಬ ಜನ, ಅಕ್ಕನ ಮಗಳ ಫೋನು ಬಂತು. ಮಾತಿಲ್ಲ, ಹಾಡು. ಅಕ್ಕ ಬಟ್ಟೆ ಹಿಂಡುತ್ತಾ ಹೇಳುತ್ತಿದ್ದ ಹಾಡೇ. ಅವಳು ಹೋಗಿ ವರ್ಷಗಳಾದವು. ಸಕ್ಕರೆ ಕಾಯಿಲೆ ಕಾಲಿನಿಂದ ಶುರುವಾಗಿ... ಆ ಒಗೆಯುವ ಕಲ್ಲನ್ನೂ ಕಿತ್ತು ಮೇಲೆ ಮಹಡಿ ಕಟ್ಟಿದ್ದಾರೆ. ಪಲ್ಲವಿ ಮುಗಿಯಿತು. ಯಾರೂ ಹೂಂ ಎನ್ನಲಿಲ್ಲ, ಚರಣ ತಾನೇ ಬಂತು.

ಗ್ರೈಂಡರ್ ಮುಂದೆ ನಿಂತಿದ್ದ ಹೆಂಗಸೊಬ್ಬಳು, “ಇದೆಷ್ಟಮ್ಮಾ, ಬೇಗ ಹೇಳಿ,” ಎಂದಳು.

“ಇರಮ್ಮ,” ಅಂದೆ. “ಹಾಡು ಮುಗೀಲಿ.”